ಕೆಂಪು ಧೂಳು, ನೇರಳೆ ನೀರು | ನಮ್ಮ ಜಿಲ್ಲೆಯ ಕತೆ, ಭಾಗ 4

ಹೋದ ಭಾನುವಾರ ಹರಿಯಬ್ಬೆಯಲ್ಲಿ ಮಾವನ ಸೆಕೆಂಡ್ ಹ್ಯಾಂಡ್ ಬಿಳಿ ಕಾರು ತೊಳೀತಿದ್ದೆ. ಶಾಂಪೂ ಹಾಕಿ ಉಜ್ಜಿದ್ರೂ ಬಾಗಿಲ ಕೆಳಗಿನ ಸಣ್ಣ ಕಂದು ಚುಕ್ಕಿಗಳು ಹೋಗ್ಲಿಲ್ಲ. ಮುಟ್ಟಿದ್ರೆ ತರಿ ತರಿ. "ನಮ್ಮ ಜಿಲ್ಲೆ ಮಣ್ಣಲ್ಲೇ ಕಬ್ಬಿಣ ಐತಲ್ಲೋ, ಅದೇ ಇದು" ಅಂದ್ರು ಮಾವ. ನಾನೂ ಹಂಗೇ ಅಂದ್ಕೊಂಡಿದ್ದೆ. ಆದ್ರೆ ಅದು ತಪ್ಪು ಕಣ್ರೋ.

ಕಬ್ಬಿಣ ನಮಗೆ ಹೊಸದಲ್ಲ. ಟಿಪ್ಪು ಸತ್ತ ಮೇಲೆ, 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಜನ ಕಪ್ಪು ಮರಳನ್ನು ಇದ್ದಿಲಿನ ಕುಲುಮೆಯಲ್ಲಿ ಕರಗಿಸಿ ಕಬ್ಬಿಣ ತೆಗೆಯುವುದನ್ನು ಬರೆದಿಟ್ಟಿದ್ದಾನೆ. ಆಮೇಲೆ ನಮ್ಮ ಕಾಲದ ಗಣಿಗಳು ಬಂದವು. ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗದ ಕಡೆ ಅದಿರಿನ ಲಾರಿ ಓಡಾಡಿದ ದಾರಿಯಲ್ಲಿ ಅಡಿಕೆ ಗರಿಯೂ ಕೆಂಪು, ಮನೆ ಹೆಂಚೂ ಕೆಂಪು. 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ 'ಎ' ಮತ್ತು 'ಬಿ' ವರ್ಗದ ಗಣಿಗಳಿಗೆ ಷರತ್ತಿನ ಮೇಲೆ ದಾರಿ ಬಿಟ್ಟು, 'ಸಿ' ವರ್ಗದ ಗುತ್ತಿಗೆ ರದ್ದು ಮಾಡಿತು.

ಆದ್ರೆ ಅದಿರಿನ ಧೂಳು ಆಗಲೇ ತುಕ್ಕು ಹಿಡಿದ ಕಬ್ಬಿಣ ಇದ್ದ ಹಾಗೆ. ಮೇಲೆ ಕೂರುತ್ತೆ, ನೀರಿಗೆ ಹೋಗುತ್ತೆ. ಕಾರಿಗೆ ಕಚ್ಚಿಕೊಳ್ಳೋದು ಲೋಹದ ಚೂರು. ಬ್ರೇಕ್ ಹಿಡಿದಾಗ ಡಿಸ್ಕ್ ಸವೆದು ಬಿಸಿ ಪುಡಿ ಹಾರುತ್ತೆ, ಪೇಂಟಿಗೆ ನಾಟುತ್ತೆ, ಅಲ್ಲೇ ತುಕ್ಕು ಹಿಡಿಯುತ್ತೆ. ರೈಲಿನಲ್ಲಿ ಬರುವ ಹೊಸ ಕಾರಿಗೂ ಹಳಿ, ಗಾಲಿ ಸವೆದ ಪುಡಿ ಕೂರುತ್ತೆ. ಅದಕ್ಕೇ ಇದಕ್ಕೆ 'ರೈಲ್ ಡಸ್ಟ್' ಅಂತ ಹೆಸರು.

ಇದನ್ನ ತೆಗೆಯೋ 'ಐರನ್ ರಿಮೂವರ್' ಒಳಗೆ ಸಾಮಾನ್ಯವಾಗಿ ಇರೋದು ಥಯೋಗ್ಲೈಕೋಲೇಟ್. 1940ರ ದಶಕದಿಂದ ಪಾರ್ಲರ್‌ನಲ್ಲಿ ಕೂದಲು ಗುಂಗುರು ಮಾಡೋಕೆ ಬಳಸಿದ್ದೂ ಇದೇ ಜಾತಿ. ಆ ಕೆಟ್ಟ ವಾಸನೆ ಅದರದ್ದೇ! ಕಬ್ಬಿಣ ಸಿಕ್ಕಿದ ಕಡೆ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತೆ. ಮಾವನ ಕಾರಿನ ಚುಕ್ಕಿಗಳಿಂದ ನೇರಳೆ ನೀರು ಇಳಿದಾಗ ಇಬ್ಬರೂ ಬಾಯಿ ಬಿಟ್ಕೊಂಡು ನೋಡಿದ್ವಿ.

ರೀಲ್ಸ್ ನೋಡಿ ಶುರು ಮಾಡೋ ಮುಂಚೆ ಇಷ್ಟು ನೆನಪಿರಲಿ:
▪️ ಮೊದಲು ಕಾರು ತೊಳೀರಿ. ಬರೀ ಕೆಂಪು ಧೂಳಿಗೆ ಇದು ದಂಡ.
▪️ ನೆರಳು, ತಣ್ಣಗಿನ ಬಾಡಿ, ತಣ್ಣಗಿನ ಗಾಲಿ. ಮೊದಲು ಮೂಲೆಯಲ್ಲಿ ಸ್ವಲ್ಪ ಹಾಕಿ ನೋಡಿ.
▪️ ಗ್ಲೌಸ್, ಕನ್ನಡಕ ಬೇಕೇ ಬೇಕು. ಬಯಲಲ್ಲಿ ಮಾಡಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ.
▪️ ಬಾಟಲಿ ಮೇಲೆ ಹೇಳಿದಷ್ಟೇ ನಿಮಿಷ. ಒಣಗೋಕೆ ಬಿಡಬೇಡಿ, ಚೆನ್ನಾಗಿ ನೀರು ಹೊಡೀರಿ.
▪️ ಬಾತ್‌ರೂಮ್ ಆಸಿಡ್ ಜೊತೆ ಯಾವತ್ತೂ ಬೆರೆಸಬೇಡಿ. ವಿಷಗಾಳಿ ಬರಬಹುದು.

ಇನ್ನೊಂದು ನನ್ನ ತಪ್ಪಿಂದ ಕಲಿತಿದ್ದು. ಆ ನೇರಳೆ ನೀರು ಹರಿದು ಎಮ್ಮೆ ಕುಡಿಯೋ ತೊಟ್ಟಿ ಕಡೆ ಹೊರಟಿತ್ತು. ಅಜ್ಜಿ ಓಡಿ ಬಂದು ಮಣ್ಣು ಎಳೆದು ಕಟ್ಟೆ ಹಾಕಿದ್ರು. "ನಿನ್ನ ಕಾರು ಹೊಳಿಯೋಕೆ ನನ್ನ ಎಮ್ಮೆ ಸಾಯಬೇಕೇನೋ?" ನಾನು ಏನೂ ಮಾತಾಡ್ಲಿಲ್ಲ. ಗಣಿ ಧೂಳಿನ ಬಗ್ಗೆ ಉದ್ದುದ್ದ ಬರೆಯೋನು ನಾನೇ ಅಲ್ವಾ, ನಮ್ಮ ಕೊಳೆ ಇನ್ನೊಬ್ಬರ ಅಂಗಳಕ್ಕೆ ಹೋಗಬಾರದು ಅಂತ.

ನಿಮ್ಮೂರಲ್ಲಿ ಲಾರಿ ಧೂಳು ನೋಡಿದ ದೊಡ್ಡವರು ಇದ್ರೆ ಕೇಳಿ, ಕಾಮೆಂಟಲ್ಲಿ ಬರೀರಿ. ಮುಂದಿನ ಭಾಗಕ್ಕೆ ಸೇರಿಸ್ತೀನಿ. 🙏

#ಹರಿಯಬ್ಬೆ #ಹಿರಿಯೂರು #ಚಿತ್ರದುರ್ಗ #ನಮ್ಮಜಿಲ್ಲೆಯಕತೆ