ತುಂಬೆ (ಸಸ್ಯ)

ತುಂಬೆಯು ತುಳಸಿಯ ಕುಟುಂಬವಾದ ಲೇಮಿಯೇಸಿಗೆ ಸೇರಿದ ಏಕವಾರ್ಷಿಕ ಮೂಲಿಕೆ. ಇದರ ಸಸ್ಯಶಾಸ್ತ್ರೀಯ ಹೆಸರು ಲ್ಯೂಕಾಸ್ ಆಸ್ಪೆರಾ. ಬಯಲು, ಹೊಲದ ಬದು ಹಾಗೂ ರಸ್ತೆಯಂಚುಗಳಲ್ಲಿ ಬೆಳೆಯುತ್ತದೆ. ಇದರ ಹೂವು ಶಿವಪೂಜೆಗೆ ಬಳಕೆಯಲ್ಲಿದೆ.

ಸುಮಾರು 15ರಿಂದ 60 ಸೆಂ.ಮೀ. ಎತ್ತರದ ಗಿಡ. ಕಾಂಡವು ಚೌಕಾಕಾರವಾಗಿದ್ದು ಒರಟು ರೋಮಗಳಿಂದ ಕೂಡಿದೆ. ಕಿರಿದಾದ ಎಲೆಗಳು ಅಭಿಮುಖವಾಗಿ ಜೋಡಣೆಗೊಂಡಿವೆ. ಬಿಳಿಯ ಹೂಗಳು ಕಾಂಡದ ಗಿಣ್ಣುಗಳನ್ನು ಸುತ್ತುವರಿದು ಗುಂಪಾಗಿ ಅರಳುತ್ತವೆ. ದಳಪುಂಜಕ್ಕೆ ಎರಡು ತುಟಿಗಳಿದ್ದು, ಮೇಲ್ತುಟಿಯು ರೋಮಭರಿತವಾಗಿದೆ. ದೊಡ್ಡದಾದ ಕೆಳತುಟಿಯು ಮೂರು ಹಾಲೆಗಳಾಗಿ ಸೀಳಿದೆ. ಕೇಸರಗಳು ನಾಲ್ಕು.

ಇದೇ ಕುಲದ ಬೇರೆ ಪ್ರಭೇದಗಳನ್ನೂ ತುಂಬೆಯೆಂದೇ ಕರೆಯುವುದರಿಂದ, ಔಷಧಿಗಾಗಿ ಸಂಗ್ರಹಿಸುವಾಗ ಹೂವಿನ ಬಣ್ಣವೊಂದನ್ನೇ ನಂಬುವಂತಿಲ್ಲ. ಲ್ಯೂಕಾಸ್ ಸೆಫಲೋಟಿಸ್ ಪ್ರಭೇದದ ಹೂಗೊಂಚಲು ದೊಡ್ಡ ಚೆಂಡಿನಂತಿದ್ದು, ಹೂಗಳ ಬುಡದ ಪತ್ರಕಗಳು ಅಗಲವಾಗಿರುತ್ತವೆ. ಆಸ್ಪೆರಾದಲ್ಲಿ ಅವು ಗೆರೆಯಂತೆ ಕಿರಿದಾಗಿ, ಬಿರುಸು ರೋಮಗಳಿಂದ ಕೂಡಿರುತ್ತವೆ.