ಅಡ್ಡ ಬಾರದ ಓಟಗಳ ನಾಡು

ಕೊರವಂಗಲದಿಂದ ಹಿಡಿದು ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನವರೆಗೆ ಹರಡಿರುವ ಹಾಸನ ಸೀಮೆ ಹಳ್ಳಿಕಾರ್ ಎತ್ತುಗಳ ಸೀಮೆ. ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಜೋಡಿಗೆ ಬೆಲೆ ಕಟ್ಟುವವರು ಕೊಂಬು, ಸುಳಿ, ಹಲ್ಲು ನೋಡಿದ ಮೇಲೆ ನಡೆಸಿಯೂ ನೋಡುತ್ತಾರೆ. ವೇಗದ ಹಂಬಲ ಈ ನೆಲಕ್ಕೆ ಮೋಟಾರಿನ ಜೊತೆ ಬಂದದ್ದಲ್ಲ. ಆದರೆ ಹಳೇ ಮೈಸೂರು ಭಾಗದ ಜೋಡೆತ್ತಿನ ಗಾಡಿ ಓಟದ ಸ್ವರೂಪ ಗಮನಿಸಿ: ನೇರ ಮೈದಾನ, ಪಕ್ಕಪಕ್ಕದ ಹಾದಿ, ಮುಂದೆ ಒಂದು ಗೆರೆ. ಎದುರಾಳಿಯ ದಾರಿಗೆ ಅಡ್ಡ ಹೋಗುವುದು ಅಲ್ಲಿ ಜಾಣ್ಮೆಯಲ್ಲ, ಅಪಾಯ. ಕರಾವಳಿಯ ಜೋಡುಕರೆ ಕಂಬಳವೂ ಹೀಗೆಯೇ. ಲವ-ಕುಶ, ಕೋಟಿ-ಚೆನ್ನಯ ಎಂದು ಹೆಸರು ಹೊತ್ತ ಎರಡು ಕರೆಗಳಲ್ಲಿ, ಅಂದರೆ ಕೆಸರಿನ ಹಾದಿಗಳಲ್ಲಿ, ಎರಡು ಜೋಡಿ ಕೋಣ ಓಡುತ್ತವೆ. ಒಂದರ ಕೆಸರು ಇನ್ನೊಂದರ ಕಾಲಿಗೆ ಸಿಕ್ಕುವುದಿಲ್ಲ. ನಮ್ಮ ಓಟಗಳು ಜಗಳವನ್ನು ತೀರಿಸಿದ್ದು ಓಟಗಾರರನ್ನು ಬೇರೆಬೇರೆ ದಾರಿಗೆ ಹಚ್ಚಿ. ಮೋಟಾರು ಬಂದ ಮೇಲೂ ನಾವು ಅದನ್ನೇ ಮುಂದುವರಿಸಿದೆವು, ಹಾಗಾಗಿಯೇ ಹಿಂದಿಕ್ಕುವ ಮತ್ತು ಹಿಂದಿಕ್ಕಲು ಬಿಡದಿರುವ ವಿದ್ಯೆ ಕರ್ನಾಟಕದಲ್ಲಿ ಬೇರು ಬಿಡಲಿಲ್ಲ ಎಂಬುದು ನನ್ನ ವಾದ.

ಕರ್ನಾಟಕದ ಮೋಟಾರು ಕ್ರೀಡೆ ಎಂದರೆ ಮುಖ್ಯವಾಗಿ ರ‍್ಯಾಲಿ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಣ್ಣುಹಾದಿಯ ರ‍್ಯಾಲಿಗಳು ಇಲ್ಲಿಯ ಚಾಲಕರನ್ನು ದೇಶದ ಮುಂಚೂಣಿಗೆ ತಂದವು. ಪಕ್ಕದ ಸೀಟಿನಲ್ಲಿ ಪೇಸ್ ನೋಟ್ಸ್ (ದಾರಿಯ ಟಿಪ್ಪಣಿ) ಓದುವ ಕೋ-ಡ್ರೈವರ್‌ಗಳ ಪೈಕಿ ದೇಶದಲ್ಲೇ ಹೆಸರಾದ ಮೂಸಾ ಶರೀಫ್ ಗಡಿನಾಡು ಕಾಸರಗೋಡಿನವರು. ಆದರೆ ರ‍್ಯಾಲಿಯಲ್ಲಿ ಕಾರುಗಳನ್ನು ಒಂದೆರಡು ನಿಮಿಷದ ಅಂತರದಲ್ಲಿ ಬಿಡುತ್ತಾರೆ. ಎದುರಾಳಿ ಕಣ್ಣಿಗೆ ಬೀಳುವುದಿಲ್ಲ, ಗಡಿಯಾರದಲ್ಲಿ ಮಾತ್ರ ಇರುತ್ತಾನೆ. ಹಿಂದಿನವನು ಬಂದು ಮುಟ್ಟಿದರೆ ಮುಂದಿನವನು ದಾರಿ ಬಿಡಬೇಕು. ರಸ್ತೆಯನ್ನು ಓದುವುದರಲ್ಲಿ ರ‍್ಯಾಲಿಯವರನ್ನು ಮೀರಿಸಿದವರಿಲ್ಲ. ಎದುರಾಳಿಯ ಮನಸ್ಸನ್ನು ಓದುವ ಪ್ರಮೇಯ ಮಾತ್ರ ಅವರಿಗೆ ಬರುವುದಿಲ್ಲ.

ಆ ಓದು ಎಂಥದ್ದೆಂದು ತಿಳಿಯಲು 1981ರ ಜೂನ್ 21ರಂದು ಸ್ಪೇನಿನ ಹರಾಮಾದಲ್ಲಿ ನಡೆದ ಫಾರ್ಮುಲಾ 1 ರೇಸು ಸಾಕು. ಜಿಲ್ ವಿಲ್ನೆವ್ ಓಡಿಸುತ್ತಿದ್ದ ಫೆರಾರಿಗೆ ಟರ್ಬೊ ಬಲ ಚೆನ್ನಾಗಿತ್ತು, ತಿರುವಿನಲ್ಲಿ ಮಾತ್ರ ಅದು ಒದ್ದಾಡುತ್ತಿತ್ತು. ಮುಂದಿದ್ದ ಅಲನ್ ಜೋನ್ಸ್ ದಾರಿ ತಪ್ಪಿದ ಮೇಲೆ ಮೊದಲ ಸ್ಥಾನ ವಿಲ್ನೆವ್ ಪಾಲಾಯಿತು. ಬೆನ್ನಿಗೆ ಲಾಫಿತ್, ವಾಟ್ಸನ್, ರಾಯ್ಟಮನ್, ಡಿ ಆಂಜೆಲಿಸ್. ತಿರುವಿನಲ್ಲಿ ಎಲ್ಲರ ಕಾರೂ ಇವನದಕ್ಕಿಂತ ಚುರುಕು. ವಿಲ್ನೆವ್ ಪ್ರತಿ ತಿರುವಿಗೂ ಮುನ್ನ ಒಳಗಿನ ಜಾಗ ಹಿಡಿದು ನಿಧಾನವಾಗಿ ತಿರುಗಿಸಿದ, ನೇರ ರಸ್ತೆ ಬಂದ ಕೂಡಲೇ ಎಂಜಿನ್ನಿನ ಬಲದಿಂದ ಎಳೆದುಕೊಂಡು ಹೋದ. ಹಿಂದಿನವರು ಒಳಗೆ ನುಗ್ಗಲು ಜಾಗವಿಲ್ಲ, ಹೊರಗಿಂದ ಸುತ್ತಿ ಬರಲು ವೇಗ ಸಾಲದು. ಕೊನೆಗೆ ಮೊದಲ ಐದು ಕಾರುಗಳ ನಡುವಿನ ಅಂತರ 1.24 ಸೆಕೆಂಡು. ಎಲ್ಲಿ ಸೋಲಬಹುದು, ಎಲ್ಲಿ ಸೋಲಬಾರದು ಎಂದು ಅವನು ಗಂಟೆಗೂ ಮೀರಿ ಸುತ್ತುಸುತ್ತಿಗೂ ಲೆಕ್ಕ ಹಾಕಿದ್ದ. ದಾಳಿಯ ಲೆಕ್ಕವೂ ಇದೇ ಜಾತಿಯದು. ಮುಂದಿನ ಕಾರಿನ ಹಿಂದೆ ಗಾಳಿಯ ತಡೆ ಕಡಿಮೆ. ಅಲ್ಲಿ ವೇಗ ಕೂಡಿಸಿಕೊಂಡು, ಮುಂದಿನವನಿಗಿಂತ ತುಸು ತಡವಾಗಿ ಬ್ರೇಕ್ ಹಾಕಿ ಒಳಗೆ ನುಗ್ಗಬೇಕು. ಅವನು ಒಳಜಾಗ ಮುಚ್ಚಿದ್ದರೆ ಹೊರಗಿಂದ ಬಂದು, ಅವನ ಕಾರು ಆಚೆ ಜಾರುವ ಹೊತ್ತಿಗೆ ಅಡ್ಡ ಕತ್ತರಿಸಿ ಮೊದಲು ಹೊರಬೀಳಬೇಕು. ಇದನ್ನು ಒಬ್ಬನೇ ಅಭ್ಯಾಸ ಮಾಡಲು ಬರುವುದಿಲ್ಲ. ಒಂದೇ ದಾರಿ ಬೇಕು, ಅದರಲ್ಲಿ ಇನ್ನೊಬ್ಬ ಇರಬೇಕು.

ಬೆಂಗಳೂರಿನ ಚಾಲಕರು ಮದ್ರಾಸಿನ ಶೋಲಾವರಂಗೆ ಹೋಗಿ ಸರ್ಕ್ಯೂಟ್ ರೇಸಿನಲ್ಲಿ ಸೆಣಸಿದ್ದಿಲ್ಲವೇ ಎಂದು ಕೇಳಬಹುದು. ಸೆಣಸಿದ್ದರು. ಶೋಲಾವರಂ ಎರಡನೇ ಮಹಾಯುದ್ಧದ ವಿಮಾನಪಟ್ಟಿ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ದಶಕಗಳ ಕಾಲ ರೇಸು ನಡೆಸಿತು. ಆಮೇಲೆ 1990ರಲ್ಲಿ ಇರುಂಗಾಟ್ಟುಕೋಟೈನಲ್ಲಿ ತನ್ನದೇ ಟ್ರ್ಯಾಕ್ ತೆರೆಯಿತು, ಮುಂದೆ ಕೊಯಮತ್ತೂರಿನಲ್ಲಿ ಕರಿ ಸ್ಪೀಡ್‌ವೇ ಬಂತು. ನನ್ನ ವಾದಕ್ಕೆ ಇದು ಬಲವೇ ಕೊಡುತ್ತದೆ: ನಮ್ಮವರಲ್ಲಿ ಉತ್ಸಾಹಕ್ಕೆ ಕೊರತೆ ಇರಲಿಲ್ಲ, ಜಾಗ ಮಾತ್ರ ಪಕ್ಕದ ರಾಜ್ಯದ್ದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಚನ್ನರಾಯಪಟ್ಟಣದಿಂದ ಶಿರಾಡಿ ಘಾಟಿಯವರೆಗೆ ಹೆದ್ದಾರಿಯಲ್ಲಿ ಹಿಂದಿಕ್ಕುವ ಚಟ ಜೀವ ತೆಗೆಯುತ್ತಿರುವಾಗ ಅದನ್ನು ವಿದ್ಯೆ ಎಂದು ಹೊಗಳಬೇಕೇ? ಆದರೆ ಟ್ರ್ಯಾಕಿನಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ಮತ್ತು ಅಲ್ಲಿಯ ಹಿಂದಿಕ್ಕುವಿಕೆ ಅಡಿಗಡಿಗೆ ನಿಯಮಕ್ಕೆ ಬದ್ಧ. ದಾರಿ ಕಾಯುವವನು ಒಂದೇ ಸಲ ಮಗ್ಗುಲು ಬದಲಿಸಬಹುದು. 2011ರಲ್ಲಿ ಮೊಂಜಾದ ಫಾರ್ಮುಲಾ 1 ರೇಸಿನಲ್ಲಿ ಶುಮಾಕರ್ ಹ್ಯಾಮಿಲ್ಟನ್‌ನನ್ನು ಸುತ್ತುಗಟ್ಟಲೆ ತಡೆದು ನಿಲ್ಲಿಸಿದ ಮೇಲೆ, ಮಾಮೂಲಿ ಸಾಲಿಗೆ ಮರಳುವಾಗ ಪಕ್ಕದವನಿಗೆ ಒಂದು ಕಾರಿನ ಅಗಲ ಬಿಡಲೇಬೇಕೆಂಬ ನಿಯಮ 2012ರಲ್ಲಿ ಬರಹಕ್ಕಿಳಿಯಿತು. ಪಕ್ಕದವನಿಗೆ ಜಾಗ ಬಿಟ್ಟೂ ಗೆಲ್ಲುವ ಶಿಸ್ತು ಅದು. ಹೆದ್ದಾರಿಯಲ್ಲಿ ಕಾಣದ್ದು ಆ ಶಿಸ್ತೇ. ಇಷ್ಟೆಲ್ಲ ಮೋಟಾರಿನ ಮಾತು; ಎತ್ತು, ಕೋಣಗಳಿಗೆ ಬೇರೆ ಹಾದಿಯೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಮೂಕ ಪ್ರಾಣಿಯನ್ನು ಇನ್ನೊಂದರ ಮೇಲೆ ನೂಕುವ ಹಕ್ಕು ಯಾರಿಗೂ ಇಲ್ಲ.

ಬೆಂಗಳೂರಿನ ಚಾಲಕ ಕುಶ್ ಮೈನಿಯ ವಿಷಯವೇನು ಎಂದು ಕೊನೆಗೆ ಕೇಳಬಹುದು. 2025ರ ಮೇ 24ರಂದು ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸನ್ನು ಆತ ಗೆದ್ದರು. ಅರ್ಹತಾ ಸುತ್ತಿನ ಹತ್ತನೆಯವರು, ಮೊದಲ ಹತ್ತು ಸ್ಥಾನ ತಿರುಗುಮುರುಗು ಮಾಡುವ ನಿಯಮದಿಂದ ಮುಂದೆ ನಿಂತರು, 3.337 ಕಿ.ಮೀ. ಉದ್ದದ ಇಕ್ಕಟ್ಟಾದ ಬೀದಿಗಳಲ್ಲಿ ಕೊನೆಯವರೆಗೂ ಆ ಜಾಗ ಬಿಟ್ಟುಕೊಡಲಿಲ್ಲ. ದಾರಿ ಕಾಯುವ ವಿದ್ಯೆಗೆ ಮೊನಾಕೊಗಿಂತ ಕಠಿಣ ಪರೀಕ್ಷೆ ವಿರಳ, ಅದರಲ್ಲಿ ಕನ್ನಡ ನೆಲದ ಹುಡುಗ ಪಾಸಾದದ್ದು ನಿಜಕ್ಕೂ ಹೆಮ್ಮೆಯ ಸಂಗತಿ. ಆದರೆ ಇಟಲಿ, ಇಂಗ್ಲೆಂಡಿನ ಟ್ರ್ಯಾಕುಗಳಲ್ಲಿ ಎಳೆಯ ವಯಸ್ಸಿನಿಂದ ಪಳಗಿ ಬಂದ ಕೈ ಅದು, ಮತ್ತು ಅಂಥ ಖರ್ಚು ಹೊರಬಲ್ಲ ಮನೆಗಳು ಬೆರಳೆಣಿಕೆಯಷ್ಟು. ಬೆಂಗಳೂರಿನಲ್ಲಿ ಕಾರ್ಟಿಂಗ್ ಟ್ರ್ಯಾಕುಗಳಿವೆ, ಅಷ್ಟೇ. ಹಾಸನದ ಹುಡುಗನೊಬ್ಬ ರೇಸ್ ಕಾರಿನಲ್ಲಿ ಕೂತು, ಪಕ್ಕದಲ್ಲಿ ಇನ್ನೊಂದು ಕಾರು ಇರುವಾಗ ಒಂದೇ ತಿರುವನ್ನು ನೂರು ಸಲ ಸುತ್ತಿ ಕಲಿಯಬೇಕೆಂದರೆ ಇಂದಿಗೂ ಮೊದಲು ರಾಜ್ಯದ ಗಡಿ ದಾಟಬೇಕು.