‘ಕೋಪನ್‌ಹೇಗನ್’: ಗೊತ್ತಿಲ್ಲದ್ದರ ಲೆಕ್ಕ

ನಾನು ಅಕ್ಕಲಕೋಟ ತಾಲೂಕಿನ ವಾಗದರಿಯವಳು. ಕನ್ನಡ ಎಂ.ಎ. ವಿದ್ಯಾರ್ಥಿನಿ ಭೌತವಿಜ್ಞಾನದ ನಾಟಕದ ಬಗ್ಗೆ ಯಾಕೆ ಮಾತಾಡ್ತಾಳೆ ಅಂತ ಕೆಲವರಿಗೆ ಅನ್ನಿಸಬಹುದು. 1944ರಿಂದ 1956ರವರೆಗೆ ನಮ್ಮ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದವರು ದ.ರಾ. ಬೇಂದ್ರೆ. ಕಾವ್ಯಕ್ಕೂ ಗಣಿತಕ್ಕೂ ನಡುವೆ ಗೋಡೆ ಇದೆ ಎಂದು ಅವರು ಒಪ್ಪಿದವರಲ್ಲ. ಹಿರೋಷಿಮಾದ ಸುದ್ದಿ ಬಂದ 1945ರ ಆಗಸ್ಟ್‌ನಲ್ಲಿ ಅವರು ಇದೇ ಊರಿನ ಮೇಷ್ಟರು. ಹಾಗಾಗಿ ಈ ವಿಷಯ ನಮಗೆ ಹೊರಗಿನದೇನಲ್ಲ.

ನನ್ನ ವಿಷಯ ಮೈಕೆಲ್ ಫ್ರೇನ್ ಬರೆದ ‘ಕೋಪನ್‌ಹೇಗನ್’ ನಾಟಕ. 1998ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ ಕಂಡಿತು. 2000ದಲ್ಲಿ ನ್ಯೂಯಾರ್ಕಿನಲ್ಲಿ ಆಡಿದಾಗ ಟೋನಿ ಪ್ರಶಸ್ತಿ ಬಂತು. ಪಾತ್ರಗಳು ಮೂರೇ: ಡೆನ್ಮಾರ್ಕಿನ ನೀಲ್ಸ್ ಬೋರ್, ಅವರ ಹೆಂಡತಿ ಮಾರ್ಗ್ರೆಥೆ, ಜರ್ಮನಿಯ ವರ್ನರ್ ಹೈಸನ್‌ಬರ್ಗ್. ಮೂವರೂ ಸತ್ತುಹೋದ ಮೇಲೆ ಸೇರಿ ಮಾತಾಡುತ್ತಾರೆ. ಅವರನ್ನು ಕಾಡುವ ಪ್ರಶ್ನೆ ಒಂದೇ. 1941ರ ಸೆಪ್ಟೆಂಬರಿನಲ್ಲಿ ಹೈಸನ್‌ಬರ್ಗ್ ಕೋಪನ್‌ಹೇಗನ್ನಿಗೆ ಯಾಕೆ ಬಂದ?

ನಾನು ಇವತ್ತು ಕೇಳುವ ಪ್ರಶ್ನೆ ಸ್ವಲ್ಪ ಬೇರೆ. ‘ಯಾಕೆ ಬಂದ ಅಂತ ಖಚಿತವಾಗಿ ಹೇಳಲಾಗದು’ ಎಂದು ನಾಟಕ ಹೇಳಿದರೆ, ಅಲ್ಲಿಗೆ ಇತಿಹಾಸಕಾರನ ಕೆಲಸ ಮುಗಿಯಿತೇ? ಅನಿಶ್ಚಿತತೆ ಎಂಬ ಮಾತು ಹೊಣೆಯಿಂದ ತಪ್ಪಿಸಿಕೊಳ್ಳುವ ಹಿಂಬಾಗಿಲೇ?

ಮೊದಲು ನಡೆದದ್ದು

1940ರ ಏಪ್ರಿಲ್ 9ರಂದು ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿತು. ಬೋರ್ ಅವರ ತಾಯಿ ಯಹೂದಿ. ಆದರೂ ಅವರು ತಮ್ಮ ಸಂಸ್ಥೆ ಬಿಡದೆ ಅಲ್ಲೇ ಇದ್ದರು. ಮುಂದಿನ ವರ್ಷ, ಜರ್ಮನ್ ಸಾಂಸ್ಕೃತಿಕ ಸಂಸ್ಥೆಯೊಂದು ಏರ್ಪಡಿಸಿದ್ದ ಸಭೆಗಾಗಿ ಹೈಸನ್‌ಬರ್ಗ್ ಕೋಪನ್‌ಹೇಗನ್ನಿಗೆ ಬಂದರು. ಜೊತೆಗೆ ವೈಟ್ಸೆಕರ್ ಇದ್ದರು. ಇಬ್ಬರೂ ಜರ್ಮನಿಯ ಯುರೇನಿಯಂ ಯೋಜನೆಯಲ್ಲಿ ದುಡಿಯುತ್ತಿದ್ದವರು. 1920ರ ದಶಕದಲ್ಲಿ ಬೋರ್ ಮತ್ತು ಹೈಸನ್‌ಬರ್ಗ್ ತಂದೆ ಮಗನ ಹಾಗೆ ಇದ್ದರು. 1927ರಲ್ಲಿ ಅನಿಶ್ಚಿತತಾ ತತ್ವವೂ ಪೂರಕತಾ ತತ್ವವೂ ಹುಟ್ಟಿದ್ದು ಆ ಮನೆಯ ಜಗಳದಲ್ಲೇ ಅನ್ನಬಹುದು. 1941ರ ಆ ಭೇಟಿಯಲ್ಲಿ ಇಬ್ಬರೂ ಒಂಟಿಯಾಗಿ ಮಾತಾಡಿದರು. ಮಾತು ಬೇಗ ಮುರಿದುಬಿತ್ತು, ಸ್ನೇಹವೂ ಮೊದಲಿನಂತೆ ಉಳಿಯಲಿಲ್ಲ.

1943ರಲ್ಲಿ ಬೋರ್ ದೋಣಿ ಹತ್ತಿ ಸ್ವೀಡನ್ನಿಗೆ ಪಾರಾದರು. ಅಲ್ಲಿಂದ ಬ್ರಿಟನ್, ಆಮೇಲೆ ಅಮೆರಿಕದ ಲಾಸ್ ಅಲಾಮೋಸ್. ಬಾಂಬು ತಯಾರಾದ ಆ ಜಾಗದಲ್ಲಿ ಅವರ ಹೆಸರು ನಿಕೋಲಸ್ ಬೇಕರ್! ಹಿಟ್ಲರನ ಕೆಳಗೆ ಉಳಿದ ಹೈಸನ್‌ಬರ್ಗ್ ಕೈಯಿಂದ ಒಬ್ಬರೂ ಬಾಂಬಿಗೆ ಬಲಿಯಾಗಲಿಲ್ಲ. ಒಳ್ಳೆಯವರಾದ ಬೋರ್ ಇದ್ದ ಕಡೆಯಿಂದ ಹೊರಟ ಬಾಂಬುಗಳು ಎರಡು ಊರನ್ನು ಸುಟ್ಟವು. ಹಿರೋಷಿಮಾ ಒಂದರಲ್ಲೇ 1945ರ ಕೊನೆಯೊಳಗೆ ಸತ್ತವರು ಸುಮಾರು 1,40,000 ಎಂಬ ಅಂದಾಜಿದೆ. ಈ ವ್ಯಂಗ್ಯವನ್ನು ಫ್ರೇನ್ ನಮ್ಮ ಮುಂದೆ ಇಟ್ಟು ಸುಮ್ಮನಾಗುವುದಿಲ್ಲ, ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಸಾರಥಿಯಾಗಿ ಮಾರ್ಗ್ರೆಥೆ

ನಾಟಕದ ರಚನೆ ನಮ್ಮ ದೊಡ್ಡಾಟ ನೋಡಿದವರಿಗೆ ಅಷ್ಟೇನೂ ಹೊಸದಲ್ಲ. ದೊಡ್ಡಾಟದಾಗ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ತಡೆದು ಕೇಳತಾನ: ನೀವು ಯಾರು, ಯಾವ ಊರು, ಇಲ್ಲಿಗೆ ಬಂದ ಕಾರಣ ಏನು? ರಾಜನಾದರೂ ರಾಕ್ಷಸನಾದರೂ ಉತ್ತರ ಕೊಡಲೇಬೇಕು. ‘ಕೋಪನ್‌ಹೇಗನ್’ನಲ್ಲಿ ಈ ಕೆಲಸ ಮಾರ್ಗ್ರೆಥೆಯದು. ಆಕೆ ವಿಜ್ಞಾನಿ ಅಲ್ಲ. ಗಂಡನ ಪ್ರಬಂಧಗಳನ್ನು ಮತ್ತೆ ಮತ್ತೆ ಬೆರಳಚ್ಚು ಮಾಡಿದವಳು. ಆಕೆಗೆ ತಿಳಿಯುವಂತೆ ಸರಳ ಮಾತಿನಲ್ಲಿ ಹೇಳಬೇಕು ಎಂಬ ನಿಯಮ ನಾಟಕದುದ್ದಕ್ಕೂ ಇದೆ. ಪ್ರೇಕ್ಷಕರಿಗೆ ಭೌತವಿಜ್ಞಾನ ತಿಳಿಸುವ ಉಪಾಯ ಅದು ಅಂತ ಬಹಳ ಜನ ಓದುತ್ತಾರೆ. ಅಷ್ಟೇ ಅಲ್ಲ ಎಂಬುದು ನನ್ನ ವಾದ. ಸರಳ ಮಾತಿನಲ್ಲಿ ಹೇಳಬೇಕಾದಾಗ ವಿಜ್ಞಾನಿ ತನ್ನ ಪರಿಭಾಷೆಯ ಹಿಂದೆ ಅಡಗಲಾರ. ‘ಸಂಶೋಧನೆ’, ‘ಸಾಧ್ಯತೆ’, ‘ತಾತ್ವಿಕ ಚರ್ಚೆ’ ಎಂಬ ಮಾತುಗಳೆಲ್ಲ ಬಿದ್ದುಹೋಗಿ, ‘ನೀನು ಹಿಟ್ಲರನಿಗೆ ಬಾಂಬು ಮಾಡತಿದ್ದೆಯಾ ಇಲ್ಲವಾ’ ಎಂಬಲ್ಲಿಗೆ ಬರಬೇಕಾಗುತ್ತದೆ. ಇಬ್ಬರು ಗಂಡಸರು ಹಳೆಯ ಸ್ನೇಹದ ಮೋಹಕ್ಕೆ ಸಿಕ್ಕು ಮೆತ್ತಗಾದಾಗಲೆಲ್ಲ ಅವಳೇ ಕಟುವಾಗಿ ಕೇಳುವವಳು.

ಸಾಕ್ಷ್ಯಗಳ ಜಗಳ

ಈ ಭೇಟಿಯ ಬಗ್ಗೆ ಎರಡು ಕಥೆಗಳಿವೆ. 1956ರಲ್ಲಿ ರಾಬರ್ಟ್ ಯುಂಕ್ ಎಂಬ ಪತ್ರಕರ್ತರ ಪುಸ್ತಕ ಬಂತು. ಜರ್ಮನ್ ವಿಜ್ಞಾನಿಗಳು ಆತ್ಮಸಾಕ್ಷಿಯ ಕಾರಣಕ್ಕೆ ಬಾಂಬಿನಿಂದ ಹಿಂದೆ ಸರಿದರು ಎಂಬ ಚಿತ್ರ ಅದರಿಂದ ಹರಡಿತು. 1993ರಲ್ಲಿ ಥಾಮಸ್ ಪವರ್ಸ್ ಇನ್ನೂ ಮುಂದೆ ಹೋಗಿ, ಹೈಸನ್‌ಬರ್ಗ್ ಬೇಕೆಂದೇ ಯೋಜನೆಯನ್ನು ಒಳಗಿನಿಂದ ಸೊರಗಿಸಿದರು ಎಂದು ವಾದಿಸಿದರು. ಫ್ರೇನ್ ಅವರಿಗೆ ನಾಟಕದ ಪ್ರೇರಣೆ ಸಿಕ್ಕಿದ್ದು ಈ ಪುಸ್ತಕದಿಂದ.

ಎರಡನೆಯ ಕಥೆ ಬೋರ್ ಅವರದು. ಯುಂಕ್ ಪುಸ್ತಕ ಓದಿದ ಮೇಲೆ ಬೋರ್ ಹೈಸನ್‌ಬರ್ಗ್‌ಗೆ ಪತ್ರದ ಕರಡುಗಳನ್ನು ಬರೆದರು, ಕಳಿಸಲಿಲ್ಲ. ನಾಟಕದಿಂದ ಎದ್ದ ಚರ್ಚೆಯ ಬಿಸಿಯಲ್ಲಿ, 2002ರ ಫೆಬ್ರುವರಿ 6ರಂದು, ಬೋರ್ ಕುಟುಂಬ ಅವನ್ನು ಪ್ರಕಟಿಸಿತು. ಜರ್ಮನಿ ಗೆದ್ದೇ ಗೆಲ್ಲುತ್ತದೆ ಎಂಬ ನಂಬಿಕೆಯಿಂದ ಹೈಸನ್‌ಬರ್ಗ್ ಮಾತಾಡಿದರೆಂದೂ, ಅವರ ಮುಂದಾಳತ್ವದಲ್ಲಿ ಅಣ್ವಸ್ತ್ರದ ಕೆಲಸ ನಡೆದಿದೆ ಎಂಬ ಭಾವನೆ ತಮಗಾಯಿತೆಂದೂ ಬೋರ್ ನೆನೆದಿದ್ದಾರೆ. ಒಂದು ನಾಟಕದಿಂದಾಗಿ ದಾಖಲೆಗಳು ಪೆಟ್ಟಿಗೆಯಿಂದ ಹೊರಬಂದದ್ದು ರಂಗಭೂಮಿಯ ಇತಿಹಾಸದಲ್ಲಿ ಅಪರೂಪದ ಸಂಗತಿ.

ಮೂರನೆಯ ಸಾಕ್ಷ್ಯ ಫಾರ್ಮ್ ಹಾಲ್. 1945ರ ಜುಲೈಯಿಂದ ಆರು ತಿಂಗಳು ಹತ್ತು ಜರ್ಮನ್ ವಿಜ್ಞಾನಿಗಳನ್ನು ಇಂಗ್ಲೆಂಡಿನ ಆ ಮನೆಯಲ್ಲಿ ಇರಿಸಿ, ಅವರ ಮಾತನ್ನು ಗುಟ್ಟಾಗಿ ಮುದ್ರಿಸಿಕೊಂಡಿದ್ದರು. ಆ ಬರಹರೂಪ ಬಹಿರಂಗವಾದದ್ದು 1992ರಲ್ಲಿ. ಹಿರೋಷಿಮಾದ ಸುದ್ದಿ ಬಂದ ಸಂಜೆ ಹೈಸನ್‌ಬರ್ಗ್ ಮೊದಲು ನಂಬಲೇ ಇಲ್ಲ. ಬಾಂಬಿಗೆ ಬೇಕಾದ ಯುರೇನಿಯಂ ಟನ್ನಿನ ಲೆಕ್ಕದಲ್ಲಿ ಎಂದು ಅವರ ಮಾತು ಹೋಯಿತು. ಒಂದು ವಾರದ ಮೇಲೆ ಅದೇ ಗೆಳೆಯರಿಗೆ ಉಪನ್ಯಾಸ ಕೊಟ್ಟಾಗ ಲೆಕ್ಕ ಬಹುಮಟ್ಟಿಗೆ ಸರಿಯಾಗಿತ್ತು. ಅತ್ತ ಬ್ರಿಟನ್ನಿನಲ್ಲಿ ಆಶ್ರಯ ಪಡೆದಿದ್ದ ಫ್ರಿಶ್ ಮತ್ತು ಪೈಯರ್ಲ್ಸ್ 1940ರಲ್ಲೇ ಲೆಕ್ಕ ಹಾಕಿ, ಟನ್ನುಗಟ್ಟಲೆ ಬೇಡ, ಸ್ವಲ್ಪ ಸಾಕು ಎಂದು ಕಂಡುಕೊಂಡಿದ್ದರು.

ಹಾಗಾದರೆ ಹೈಸನ್‌ಬರ್ಗ್ ಯುದ್ಧಕಾಲದಲ್ಲಿ ಆ ಲೆಕ್ಕವನ್ನು ಯಾಕೆ ಸರಿಯಾಗಿ ಹಾಕಲಿಲ್ಲ? ಬಾರದೆಯೋ, ಬೇಡವೆಂದೋ, ಆಗದ ಕೆಲಸ ಎಂದು ಮೊದಲೇ ನಂಬಿ ಕೈಬಿಟ್ಟರೋ? ನಾಟಕದ ಹೃದಯ ಇರುವುದು ಇಲ್ಲಿ. ಬೋರ್ ಅಂದು ಸಿಟ್ಟಿನಿಂದ ಎದ್ದುಹೋಗದೆ ‘ಲೆಕ್ಕ ಹಾಕಿದ್ದೀಯಾ?’ ಎಂದು ಕೇಳಿದ್ದರೆ ಏನಾಗುತ್ತಿತ್ತು ಎಂದು ಫ್ರೇನ್ ಊಹಿಸುತ್ತಾರೆ. ಒಂದು ಪ್ರಶ್ನೆ ಕೇಳದೆ ಉಳಿದದ್ದರಿಂದ ಯುರೋಪು ಉಳಿದಿರಬಹುದು ಎಂಬ ಊಹೆ ಅದು.

ಅನಿಶ್ಚಿತತೆ ಅಂದರೆ ಏನೂ ಗೊತ್ತಿಲ್ಲ ಅಂತಲ್ಲ

ಇಲ್ಲಿ ಒಂದು ಎಚ್ಚರ ಬೇಕು. ಅನಿಶ್ಚಿತತಾ ತತ್ವ ಏನನ್ನೂ ತಿಳಿಯಲಾಗದು ಎಂದು ಹೇಳುವುದಿಲ್ಲ. ಕಣದ ಸ್ಥಾನ ಮತ್ತು ಸಂವೇಗ ಎರಡನ್ನೂ ಒಟ್ಟಿಗೆ ಇಂತಿಷ್ಟಕ್ಕಿಂತ ಹೆಚ್ಚು ನಿಖರವಾಗಿ ಹೇಳಲಾಗದು ಎನ್ನುತ್ತದೆ. ‘ಇಂತಿಷ್ಟು’ ಎಂಬುದಕ್ಕೆ ಪ್ಲ್ಯಾಂಕ್ ಸ್ಥಿರಾಂಕದ ಲೆಕ್ಕವಿದೆ. ಅಂದರೆ ಅದು ಅಜ್ಞಾನಕ್ಕೂ ಒಂದು ಅಳತೆ ಕೊಡುವ ತತ್ವ.

ಇತಿಹಾಸಕ್ಕೂ ಇದೇ ಶಿಸ್ತು ಬೇಕು. ಹೈಸನ್‌ಬರ್ಗ್ ಮನಸ್ಸಿನ ಉದ್ದೇಶ ನಮಗೆ ಸಿಗುವುದಿಲ್ಲ, ನಿಜ. ಆದರೆ ಅವರು ಜರ್ಮನಿ ಬಿಡಲಿಲ್ಲ, ಯುರೇನಿಯಂ ಯೋಜನೆಯಲ್ಲಿ ಯುದ್ಧದ ಕೊನೆಯವರೆಗೆ ದುಡಿದರು, ಆಕ್ರಮಿತ ದೇಶಕ್ಕೆ ಆಕ್ರಮಣಕಾರರ ಸಭೆಗಾಗಿ ಬಂದರು, ಅವರ ಮಾತಿನಿಂದ ಬೋರ್ ಹೆದರಿದರು. ಇವು ಸಂದೇಹದ ವಿಷಯಗಳಲ್ಲ. ಉದ್ದೇಶ ಮಸುಕಾದ ಮಾತ್ರಕ್ಕೆ ಕ್ರಿಯೆ ಮಸುಕಾಗುವುದಿಲ್ಲ.

ನಮ್ಮಂಥ ಗಡಿಯ ಮಂದಿಗೆ ಇದು ಬರೀ ಸಿದ್ಧಾಂತದ ಮಾತಲ್ಲ. ಮಹಾಜನ ಆಯೋಗದ 1967ರ ವರದಿಯ ಬಗ್ಗೆ ಕನ್ನಡದಲ್ಲಿ ಕೇಳಿದ ಕಥೆ ಒಂದು, ಮರಾಠಿಯಲ್ಲಿ ಕೇಳಿದ ಕಥೆ ಇನ್ನೊಂದು. ಆದರೆ ವರದಿ ಒಂದೇ ಅದ. ಎರಡು ಕಥೆ ಇವೆ ಎಂದ ಕೂಡಲೇ ‘ಎಲ್ಲಾ ಅವರವರ ದೃಷ್ಟಿ ಬಿಡ್ರಿ’ ಅಂದುಬಿಟ್ಟರೆ, ದಾಖಲೆ ಓದುವ ಕಷ್ಟ ತಪ್ಪಿತು ಅಷ್ಟೇ, ನ್ಯಾಯ ಸಿಕ್ಕಂತಾಗಲಿಲ್ಲ.

ರಂಗದ ಮೇಲೆ ಬಾರದ ಬೆಂಗಳೂರು

ಈ ಕಥೆಗೆ ಬೆಂಗಳೂರಿನ ಒಂದು ಅಧ್ಯಾಯವಿದೆ. ಹೈಸನ್‌ಬರ್ಗ್ ಅವರ ಗುರು ಮ್ಯಾಕ್ಸ್ ಬಾರ್ನ್ ಯಹೂದಿ ಮೂಲದವರು. 1933ರಲ್ಲಿ ನಾಜಿ ಕಾನೂನು ಅವರನ್ನು ಗಾಟಿಂಗೆನ್ ವಿಶ್ವವಿದ್ಯಾಲಯದಿಂದ ಹೊರಹಾಕಿತು. ಅದೇ ವರ್ಷ ಹೈಸನ್‌ಬರ್ಗ್‌ಗೆ ನೊಬೆಲ್ ಪ್ರಶಸ್ತಿ ಬಂತು. ಮೂವರು ಸೇರಿ ಮಾಡಿದ ಕೆಲಸಕ್ಕೆ ತಾನೊಬ್ಬನೇ ಪ್ರಶಸ್ತಿ ಪಡೆಯುವುದು ಮನಸ್ಸಿಗೆ ಚುಚ್ಚುತ್ತಿದೆ ಎಂಬರ್ಥದಲ್ಲಿ ಅವರು ಬಾರ್ನ್‌ಗೆ ಪತ್ರ ಬರೆದರು. ಆಮೇಲೆ ಒಮ್ಮೆ ಹೈಸನ್‌ಬರ್ಗ್ ಒಂದು ಸಂದೇಶ ತಂದರಂತೆ: ಬಾರ್ನ್ ಜರ್ಮನಿಗೆ ಮರಳಿ ಸಂಶೋಧನೆ ಮಾಡಬಹುದು, ಆದರೆ ಈ ಅನುಮತಿ ಹೆಂಡತಿ ಮಕ್ಕಳಿಗಿಲ್ಲ. ಇದನ್ನು ಬಾರ್ನ್ ತಮ್ಮ ಆತ್ಮಕಥೆಯಲ್ಲಿ ನೋವಿನಿಂದ ನೆನೆದಿದ್ದಾರೆ. 1941ರ ಭೇಟಿಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಪ್ರಭುತ್ವದ ಜೊತೆ ಇದ್ದುಕೊಂಡೇ ಗೆಳೆಯರಿಗೆ ಒಳ್ಳೆಯದು ಮಾಡಬಹುದು ಎಂಬ ನಂಬಿಕೆ ಎರಡರಲ್ಲೂ ಕಾಣುತ್ತದೆ. ಆ ಒಳ್ಳೆಯತನ ಗೆಳೆಯರಿಗೆ ಹೇಗೆ ಕೇಳಿಸಿತು ಎಂಬ ಅರಿವು ಎರಡರಲ್ಲೂ ಕಾಣುವುದಿಲ್ಲ.

ಬಾರ್ನ್ ಅವರನ್ನು ಸಿ.ವಿ. ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. 1935-36ರಲ್ಲಿ ಸುಮಾರು ಆರು ತಿಂಗಳು ಅವರು ಇಲ್ಲಿದ್ದರು. ಕಾಯಂ ಹುದ್ದೆ ಕೊಡಿಸಲು ರಾಮನ್ ಹೆಣಗಿದರು. ಸಂಸ್ಥೆಯ ಸಭೆಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು, ಸ್ವದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಎಂಬಂತೆ ಮಾತಾಡಿದ್ದು ಬಾರ್ನ್‌ಗೆ ಬಹಳ ನೋವಾಯಿತು. ಹುದ್ದೆ ಸಿಗಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. ಮುಂದೆ ಬಾಂಬಿನ ಕೆಲಸದಿಂದ ದೂರವೇ ಉಳಿದರು. 1954ರಲ್ಲಿ ಅವರಿಗೂ ನೊಬೆಲ್ ಬಂತು.

ಬಾರ್ನ್ ಉದಾಹರಣೆ ಯಾಕೆ ಮುಖ್ಯ? ‘ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ’ ಎಂಬ ಮಾತಿಗೆ ಅದು ಉತ್ತರ. ಅದೇ ಕ್ವಾಂಟಂ ಗಣಿತ ಗೊತ್ತಿದ್ದ, ಅದೇ ಶಾಲೆಯ ಹಿರಿಯನೊಬ್ಬ ಯಾವ ಕಡೆಯ ಬಾಂಬಿಗೂ ಕೈಹಾಕದೆ ಬದುಕಿದ. ಬೆಲೆ ಕೊಟ್ಟು ಬದುಕಿದ, ಅದೂ ನಿಜ.

ಸೊಲ್ಲಾಪುರದ ಇನ್ನೊಂದು ಸಾಕ್ಷಿ

1941ರಲ್ಲೇ ಸೊಲ್ಲಾಪುರದ ಮಗ ಡಾ. ದ್ವಾರಕಾನಾಥ ಕೋಟ್ನೀಸ್ ಚೀನಾದ ಯುದ್ಧಭೂಮಿಯಲ್ಲಿ ಬೆಥೂನ್ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾಗಿ ಗಾಯಾಳುಗಳ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. 1938ರಲ್ಲಿ ಹೋದ ಐವರು ಭಾರತೀಯ ವೈದ್ಯರಲ್ಲಿ ಅವರು ಮರಳಿ ಬರಲಿಲ್ಲ. 1942ರ ಡಿಸೆಂಬರ್ 9ರಂದು, 32ನೇ ವಯಸ್ಸಿನಲ್ಲಿ ತೀರಿಕೊಂಡರು. 1946ರಲ್ಲಿ ವಿ. ಶಾಂತಾರಾಮ್ ಅವರ ಬಗ್ಗೆ ಸಿನಿಮಾ ಮಾಡಿದರು. ಕೋಟ್ನೀಸರ ಕಥೆಯಲ್ಲಿ ‘ಯಾಕೆ ಹೋದ’ ಎಂಬ ಪ್ರಶ್ನೆ ಯಾರನ್ನೂ ಕಾಡುವುದಿಲ್ಲ. ವೈದ್ಯನ ಜ್ಞಾನ ಎದುರಿಗಿದ್ದ ಗಾಯಕ್ಕೆ ನೇರವಾಗಿ ತಾಗುತ್ತದೆ. ಭೌತವಿಜ್ಞಾನಿಯ ಜ್ಞಾನ ಕಾಗದದ ಮೇಲಿನ ಲೆಕ್ಕವಾಗಿ ಹೊರಟು, ಎಷ್ಟೋ ಕೈ ದಾಟಿ, ಎಲ್ಲೋ ದೂರದ ಊರಿನ ಮೇಲೆ ಬೀಳುತ್ತದೆ. ನಡುವಿನ ಆ ದೂರದಲ್ಲೇ ನೆಪಗಳಿಗೆ ಜಾಗ ಸಿಗುವುದು.

ಈ ದೂರವನ್ನು ನಮ್ಮ ಮಹಾಭಾರತ ಬಹಳ ಹಿಂದೆ ಗುರುತಿಸಿತ್ತು. ಯುದ್ಧದ ಕೊನೆಯಲ್ಲಿ ಅಶ್ವತ್ಥಾಮನೂ ಅರ್ಜುನನೂ ಮಹಾಸ್ತ್ರ ಬಿಡುತ್ತಾರೆ. ಋಷಿಗಳು ನಡುವೆ ಬಂದಾಗ ಅರ್ಜುನ ತನ್ನ ಅಸ್ತ್ರವನ್ನು ಹಿಂತೆಗೆಯುತ್ತಾನೆ. ಅಶ್ವತ್ಥಾಮನಿಗೆ ಬಿಡಲು ಬರುತ್ತದೆ, ಹಿಂತೆಗೆಯಲು ಬರುವುದಿಲ್ಲ. ಅಸ್ತ್ರ ಪಾಂಡವರ ವಂಶದ ಗರ್ಭದ ಮೇಲೆ ಹೋಗುತ್ತದೆ. ಹಿಂತೆಗೆಯಲು ಬಾರದ ವಿದ್ಯೆ ಅರ್ಧ ವಿದ್ಯೆ ಎಂಬ ತೀರ್ಪು ಅಲ್ಲಿದೆ. ಆದರೆ ಲಾಸ್ ಅಲಾಮೋಸ್ ಆಗಲಿ ಬರ್ಲಿನ್ ಆಗಲಿ ಕಲಿಸುತ್ತಿದ್ದದ್ದು ಬಿಡುವ ವಿದ್ಯೆಯನ್ನು ಮಾತ್ರ.

ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿದೆ. 1974ರ ಮೇ 18ರ ಪೋಖ್ರಾನ್ ಪರೀಕ್ಷೆಯ ಮುಂಚೂಣಿಯಲ್ಲಿದ್ದವರು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. ಹೈಸನ್‌ಬರ್ಗ್ ಹಾಗೆಯೇ ಅವರೂ ಪಿಯಾನೊ ನುಡಿಸುತ್ತಿದ್ದರು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು ಅಂತ ನಾನು ಹೇಳುತ್ತಿಲ್ಲ. ಪ್ರಭುತ್ವ ಬೇರೆ, ಕಾಲ ಬೇರೆ. ಆದರೆ ಪೋಖ್ರಾನನ್ನು ನಾವು ಹೆಮ್ಮೆ ಅಥವಾ ಖಂಡನೆ ಎರಡೇ ಸ್ವರದಲ್ಲಿ ಮಾತಾಡುತ್ತೇವೆ. ಸಾರಥಿಯ ಹಾಗೆ ತಡೆದು, ಸರಳ ಕನ್ನಡದಲ್ಲಿ ‘ಬಂದ ಕಾರಣ ಏನು?’ ಎಂದು ಕೇಳುವ ಮಾರ್ಗ್ರೆಥೆ ನಮ್ಮ ರಂಗಕ್ಕೂ ಬೇಕು.

ಕೊನೆಯದಾಗಿ ಹೇಳುವುದಿಷ್ಟು. ‘ಕೋಪನ್‌ಹೇಗನ್’ ಹೈಸನ್‌ಬರ್ಗ್‌ಗೆ ಕ್ಷಮೆ ಕೊಡುವ ನಾಟಕ ಎಂಬ ಟೀಕೆಯನ್ನು ನಾನು ಒಪ್ಪುವುದಿಲ್ಲ. ಅದು ತೀರ್ಪನ್ನು ತಡ ಮಾಡುತ್ತದೆ, ವಿಚಾರಣೆಯನ್ನು ನಿಲ್ಲಿಸುವುದಿಲ್ಲ. ಗೊತ್ತಿಲ್ಲದ್ದು ಎಷ್ಟು ಎಂದು ಅಳೆದರೆ ಗೊತ್ತಿರುವುದಕ್ಕೆ ಗೆರೆ ಸಿಗುತ್ತದೆ. ಆ ಗೆರೆಯ ಈಚೆಗಿನದಕ್ಕೆ ಹೊಣೆ ಕೇಳುವ ಹಕ್ಕು ನಮಗಿದೆ. ನಾಟಕ ಓದುವವರು ಆ ಗೆರೆ ಎಲ್ಲಿ ಎಳೆಯುತ್ತೀರಿ ಎಂಬುದನ್ನು ಚರ್ಚೆಯಲ್ಲಿ ಕೇಳಲು ಕಾದಿದ್ದೇನೆ.